ಮಷಿನ್ನಿಗೆ ಗಾದಿ

ವಿಜಾಪುರದ ಅಥಣಿ ರಸ್ತೆಯ ವಕೀಲರ ಕಚೇರಿಯಲ್ಲಿ ನಜಮಾ ಟೈಪ್ ಮಷಿನ್ನನ್ನು ಎತ್ತಿ ಪಕ್ಕಕ್ಕಿಟ್ಟಳು. ಅದರ ಅಡಿಗಿದ್ದ ಹತ್ತಿಯ ಗಾದಿಯನ್ನು ಎಳೆದು ನೆಲಕ್ಕೆ ಒಗೆದಳು.

ಗುಮಾಸ್ತ ಶಂಕರೆಪ್ಪ ಅಡಿಕೆ ಅಗಿಯುವುದನ್ನು ನಿಲ್ಲಿಸಿದ. "ಏನ್ ಮಾಡಾಕತ್ತೀಯವಾ? ಸಪ್ಪಳ ಒಳಗ ಬರಬಾರದಂತ ಸಾಹೇಬ್ರು ಹೇಳಿ ಮಾಡಿಸಿದ ಗಾದಿ ಅದು! ಇಡು, ಇಡು."

"ಬ್ಯಾಡ್ರಿ."

ಅಷ್ಟೇ ಹೊರಬಂತು. ತನ್ನೂರು ತಿಕೋಟಾದಲ್ಲಿ ಬಸ್ ಹತ್ತುವಾಗ ಹೇಳಬೇಕೆಂದುಕೊಂಡದ್ದನ್ನು ದಾರಿಯಲ್ಲಿ ಅರ್ಧ ನುಂಗಿ, ಕಚೇರಿಯ ಮೆಟ್ಟಿಲಲ್ಲಿ ಉಳಿದರ್ಧ ನುಂಗುವ ಹುಡುಗಿ ಅವಳು. ಬಿ.ಎ. ಮುಗಿಸಿ ಈ ಕುರ್ಚಿಗೆ ಬಂದು ಮೂರು ತಿಂಗಳು. ಗಾದಿ ಬಂದು ಹದಿನೈದು ದಿನ. ಅಂದಿನಿಂದ ಮಷಿನ್ನು ಕೀಲಿ ಒತ್ತಿದಾಗಲೆಲ್ಲ ತೂಗಾಡುತ್ತಿತ್ತು. ಸಾಲು ಡೊಂಕಾಗುತ್ತಿತ್ತು, ನಾಲ್ಕನೆಯ ಕಾರ್ಬನ್ ಪ್ರತಿಯಲ್ಲಿ ಅಕ್ಷರದ ನೆರಳೂ ಬೀಳುತ್ತಿರಲಿಲ್ಲ. ಎರಡು ಸಲ ಕೋರ್ಟಿನಿಂದ ಕಾಗದ ವಾಪಸಾಗಿತ್ತು. ವಕೀಲ ಸದಾಶಿವರಾಯರು ಬೈದದ್ದು ಅವಳ ಬೆರಳುಗಳನ್ನು. ಇವತ್ತಂತೂ ಬಂದಕೂಡಲೇ ಹೇಳಿಬಿಟ್ಟಿದ್ದರು: "ಈ ದಾವಾ ಮೂರು ಗಂಟೆಯೊಳಗ ಕೋರ್ಟಿಗೆ ಹೋಗಬೇಕು. ಮತ್ತ ತಿರುಗಿ ಬಂತಂದ್ರ ನಾಳಿಂದ ನೀ ಬರೂದು ಬ್ಯಾಡ."

ಶಂಕರೆಪ್ಪ ಗಾದಿಯನ್ನು ಎತ್ತಿ ಮೇಜಿನ ಮೇಲೆ ಹಾಸಿ ತಟ್ಟಿದ. "ಅಲ್ಲವಾ, ನಿಮ್ಮಪ್ಪ ಲಾಡಲೇಸಾಬ ಜನ್ಮಪೂರ್ತಿ ಹತ್ತಿ ಹಿಂಜಿ ಮಂದಿಗೆಲ್ಲಾ ಗಾದಿ ತುಂಬಿಕೊಟ್ಟ. ಅವನ ಮಗಳಿಗೆ ಗಾದಿ ಚುಚ್ಚತೈತೇನು?" ಬೆಂಚಿನ ಮೇಲಿದ್ದ ಬಬಲೇಶ್ವರದ ಕಕ್ಷಿದಾರರಿಬ್ಬರೂ ಗೊಳ್ಳೆಂದು ನಕ್ಕರು.

ನಜಮಾ ಗಾದಿಯ ಮೇಲೆ ಕೈಯಿಟ್ಟಳು. ಈ ಸಲ ಮಾತು ನುಂಗಲು ಹೋದರೂ ಇಳಿಯಲಿಲ್ಲ.

"ಹತ್ತಿ ಹಿಂಜಾಂವನ ಮಗಳಂತನ ಹೇಳಾಕತ್ತೇನ್ರಿ ಕಾಕಾ. ಗಾದಿ ಇರೂದು ಮಲಗಾಕ. ಮಷಿನ್ ಇಲ್ಲಿ ಮಲಗಾಕ ಬಂದಿಲ್ಲ, ನಾನೂ ಬಂದಿಲ್ಲ."

"ಬರೇ ಮೇಜಿನ ಮ್ಯಾಲಿಟ್ರ ಜಾರತೈತಲ್ಲಬೇ!"

"ಜಾರತೈತ್ರಿ. ಅದಕ್ಕ ಅರಿವಿ ಸಾಕು. ಹತ್ತಿ ಯಾಕ ಬೇಕು?"

ತಪ್ಪಿದ ಅಕ್ಷರ ಕೆರೆಯಲು ಇಟ್ಟುಕೊಂಡಿದ್ದ ಅರ್ಧ ಬ್ಲೇಡು ಕೈಗೆ ಬಂತು. ಗಾದಿಯ ಹೊಲಿಗೆ ಎಲ್ಲಿ ಕೊಯ್ಯಬೇಕೆಂದು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ. ಮುಷ್ಟಿ ಮುಷ್ಟಿ ಹತ್ತಿ ಕಿತ್ತು ಚೆಲ್ಲಿದಳು. ಫ್ಯಾನಿನ ಗಾಳಿಗೆ ಅದು ಕಚೇರಿಯ ತುಂಬ ಹಾರಾಡಿತು. "ಯವ್ವಾ, ಬಿಡಬೇ!" ಎಂದು ಶಂಕರೆಪ್ಪ ಗಾಳಿಯಲ್ಲಿ ಹತ್ತಿ ಹಿಡಿಯುತ್ತಿದ್ದರೆ, ಅವಳು ಬರಿದಾದ ಅರಿವೆಯನ್ನು ಮಡಿಸಿ ಹಾಸಿ, ಮೇಲೆ ಮಷಿನ್ ಇಟ್ಟು, ಹಾಳೆ ಏರಿಸಿ ಶುರು ಮಾಡಿದಳು.

ಖಟಖಟ ಗೋಡೆಗೆ ಬಡಿಯಿತು. ಸದಾಶಿವರಾಯರು ಬಾಗಿಲು ದೂಡಿಕೊಂಡು ಬಂದರು. "ಏನಿದು ಗದ್ಲಾ? ಯಾರ ಹೇಳಿದ್ರು ನಿನಗ ಇದನ್ನ ಹರೀಲಿಕ್ಕೆ?"

ನಜಮಾ ಎದ್ದು ನಿಲ್ಲಲಿಲ್ಲ. ಪುಟ ಮುಗಿಸಿ, ಎಲ್ಲಕ್ಕಿಂತ ಕೆಳಗಿನ ಕಾರ್ಬನ್ ಪ್ರತಿಯನ್ನು ಎಳೆದು ಅವರ ಮುಂದೆ ಹಿಡಿದಳು. "ಯಾರೂ ಹೇಳಿಲ್ರಿ. ಇದನ್ನ ಓದ್ರಿ. ಸಪ್ಪಳ ಆಗತೈತ್ರಿ ಸಾಹೇಬ್ರ, ಆಗಲಿ."

ಅವರು ಓದಿದರು. ಕಿಟಕಿಯ ಬೆಳಕಿಗೆ ಹಿಡಿದು ಮತ್ತೊಮ್ಮೆ ಓದಿದರು. ಪ್ರತಿಯನ್ನು ಮೇಜಿನ ಮೇಲಿಟ್ಟು ಒಳಗೆ ಹೋದರು.

ಎರಡೂವರೆಗೆ ಕೊನೆಯ ಹಾಳೆ ಇಳಿಯಿತು. ಸದಾಶಿವರಾಯರು ಹೊರಬಂದು, ಅಲ್ಲಿನ ಗೂಟದ ಮೇಲಿನ ಕರಿ ಕೋಟು ಎಳೆದು ತೊಟ್ಟು, ಕಾಗದದ ಕಟ್ಟು ಬಗಲಿಗಿಟ್ಟುಕೊಂಡರು. "ನಾಳೆ ಒಂಬತ್ತಕ್ಕ ಬಾ. ಕೆಲಸ ಭಾಳ ಅದ."

"ಒಂಬತ್ತಕ್ಕ ಮುಟ್ಟೋ ಬಸ್ಸಿಲ್ರಿ. ಹತ್ತಕ್ಕ ಬರ್ತೇನ್ರಿ."

ಅವರು ಮೆಟ್ಟಿಲಿಳಿದರು. ಕರಿ ಕೋಟಿನ ಬೆನ್ನ ತುಂಬ ಬಿಳಿ ಹತ್ತಿ. ಶಂಕರೆಪ್ಪ ಕೈ ಚಾಚಿಕೊಂಡೇ ಅವರ ಹಿಂದೆ ಓಡಿದ. ರಸ್ತೆ ತಿರುಗುವವರೆಗೂ ಆ ಕೈ ಕೋಟನ್ನು ಮುಟ್ಟಲಿಲ್ಲ.