ಬೇರೆಯವರ ಸಂಕಟ

ಸರಣಿ ಕೊಲೆಗಾರರ ಬಗ್ಗೆ ಪುಸ್ತಕ ಬರೆಯುತ್ತಿದ್ದ ಮನೋವೈದ್ಯರು ಜೈಲಿನ ಕೋಣೆಯಲ್ಲಿ ರೆಕಾರ್ಡರ್ ಒತ್ತಿದರು. ಎದುರಿಗೆ, ಆರು ಹೆಂಗಸರನ್ನು ಕೊಂದ ಖೈದಿ.

“ಯಾಕಪ್ಪಾ ಕೊಂದೆ? ದುಡ್ಡಿಗಾ, ಸೇಡಿಗಾ?”

“ಯಾವ್ದಕ್ಕೂ ಅಲ್ಲ ಸಾರ್. ಅವ್ರು ಕೈಮುಗಿದು ಅಳ್ತಿದ್ರೂ ನಂಗೇನೂ ಅನ್ನಿಸ್ತಿರ್ಲಿಲ್ಲ.”

“ಅದೇ ನೋಡು ನಿನ್ನ ಕಾಯಿಲೆ. ಬೇರೆಯವರ ಸಂಕಟ ನಿನಗೆ ತಟ್ಟೋದೇ ಇಲ್ಲ.”

ಖೈದಿ ಕಿಟಕಿಯತ್ತ ತಿರುಗಿದ.

“ನಾನು ಕೊನೇಗೆ ಕೊಂದ ಹುಡುಗಿ ತಾಯಿ ದಿನಾ ಜೈಲಿನ ಗೇಟಿಗೆ ಬರ್ತಾಳಂತೆ. ಮಗಳ ಮೂಳೆ ಸಿಕ್ಕಿದ್ರೆ ಹೊಳೇಲಿ ಬಿಟ್ಟು ತಿಥಿ ಮಾಡ್ತೀನಿ ಅಂತಾಳಂತೆ. ಹೂತಿರೋ ಜಾಗ ಹೇಳ್ಬಿಡ್ಲಾ ಸಾರ್?”

ವೈದ್ಯರು ತಟ್ಟನೆ ರೆಕಾರ್ಡರ್ ಆರಿಸಿ ಕುರ್ಚಿ ಹತ್ತಿರ ಎಳೆದುಕೊಂಡರು.

“ನಂಗೊಬ್ಬನಿಗೇ ಹೇಳು. ಪುಸ್ತಕ ಯುಗಾದಿಗೆ ಬರುತ್ತೆ, ಅಲ್ಲೀವರೆಗೆ ಆಕೆ ಕಾಯ್ಲಿ ಬಿಡು.”