ಗುಂಡಿಯ ಫೋಟೊ

ನಮ್ಮ ಬೀದಿಯ ಗುಂಡಿಗೆ ಸ್ಕೂಟರ್ ಸಮೇತ ಬಿದ್ದು ಪಂಕಜಕ್ಕ ಕಾಲು ಮುರಿದುಕೊಂಡರು. ಹಾಸಿಗೆಯಿಂದಲೇ ಪಕ್ಕದ ಮನೆಯ ಸ್ಟುಡಿಯೊ ಚಿದಾನಂದನನ್ನು ಕರೆಸಿದರು.

"ನಗರಸಭೆಗೆ ದೂರು ಕೊಡ್ಬೇಕು. ಗುಂಡೀದೊಂದು ಫೋಟೊ ತೆಗಿಯಪ್ಪಾ. ಒಳಗೊಂದು ಬಕೆಟ್ ಇಟ್ಟು ತೆಗಿ, ಎಷ್ಟು ಆಳ ಇದೆ ಅಂತ ಗೊತ್ತಾಗ್ಲಿ."

"ಬಕೆಟ್ ಇಟ್ರೆ ಅದು ಫೋಟೊ ಅಲ್ಲ ಅಕ್ಕಾ, ಪಂಚನಾಮೆ. ನೋಡಿದೋರ ಮನಸ್ಸು ಕರಗ್ಬೇಕು ಅಂದ್ರೆ ಅದ್ರಲ್ಲಿ ಕಲೆ ಇರ್ಬೇಕು."

"ಕಲೆಗಿಲೆ ಎಲ್ಲ ನಿನ್ನ ಸ್ಟುಡಿಯೋದಲ್ಲೇ ಇಟ್ಕೋ. ಗುಂಡಿ ಗುಂಡಿ ಥರ ಕಂಡ್ರೆ ಸಾಕು ನಂಗೆ."

ಚಿದಾನಂದ ಕೇಳಲಿಲ್ಲ. ಬೆಳಗ್ಗೆ ಬೇಗನೆದ್ದು ರಸ್ತೆಯ ಮೇಲೆ ಬೋರಲು ಮಲಗಿ, ಗುಂಡಿಯಲ್ಲಿ ನಿಂತ ನೀರಿನೊಳಗೆ ಹುಟ್ಟುವ ಸೂರ್ಯನನ್ನೂ ಹಾರುವ ಕೊಕ್ಕರೆಯನ್ನೂ ಹಿಡಿದ. ದೂರಿನ ಜೊತೆ ಅದನ್ನೇ ಕಳಿಸಿ, ಆಮೇಲೆ ಪಂಕಜಕ್ಕನಿಗೆ ತೋರಿಸಿದ.

"ಥೂ ಮುಂಡೇದೆ! ಇದೇನು ನನ್ನ ಕಾಲು ಮುರಿದ ಗುಂಡೀನೋ, ಕ್ಯಾಲೆಂಡರ್ ಚಿತ್ರಾನೋ?"

ಆದರೆ ವರ್ಷದಿಂದ ಯಾವ ದೂರಿಗೂ ಮಿಸುಕದ ನಗರಸಭೆ, ಈ ಸಲ ವಾರದೊಳಗೆ ಲಾರಿ ಕಳಿಸಿತು.

"ನೋಡಿದ್ರಾ ಅಕ್ಕಾ, ಕಲೆಯ ತಾಕತ್ತು!" ಚಿದಾನಂದ ಕಾಲರ್ ಏರಿಸಿದ.

"ಆಯ್ತು ಕಣಪ್ಪಾ, ನೀನೇ ಗೆದ್ದೆ" ಎನ್ನುತ್ತ ಪಂಕಜಕ್ಕ ಊರುಗೋಲು ಹಿಡಿದು ನಿಧಾನಕ್ಕೆ ಬಾಗಿಲಿಗೆ ಬಂದರು.

ಕೆಲಸದವರು ಗುಂಡಿಯ ಸುತ್ತ ಬಣ್ಣದ ಕಂಬಿ ನೆಟ್ಟು, ಪಕ್ಕದಲ್ಲೊಂದು ಕಲ್ಲುಬೆಂಚು ಹಾಕಿ, ಬೋರ್ಡು ತಗುಲಿಸುತ್ತಿದ್ದರು: 'ಸೆಲ್ಫಿ ಪಾಯಿಂಟ್. ದಯವಿಟ್ಟು ನೀರು ಕಲಕಬೇಡಿ.'