ತಾಯಿಯಿಂದ ಬಂದದ್ದು

ಹದಿನೆಂಟು ದಿನದ ಕೂಸು ಹಾಲು ಕುಡಿಯುತ್ತಿದ್ದಾಗಲೇ ಸುಂದರಾಬಾಯಿ ಅದರ ಹಣೆಯ ಮೇಲಿನ ಕೆಂಪು ಉಂಗುರಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. "ಡಾಕ್ಟರ್ ಏನಂದ್ರು, ಇನ್ನೊಮ್ಮೆ ಹೇಳವಾ," ಎಂದು ಸೊಸೆಯನ್ನು ಕೇಳಿದಳು.

"ಗಜಕರ್ಣ ಅಲ್ಲಂತ್ರಿ, ಅತ್ತಿ. ಹೊಟ್ಟ್ಯಾಗ ಇದ್ದಾಗ ನನ್ನ ರಕ್ತದಾಗಿಂದು ಏನೋ ಕೂಸಿಗೆ ಹೋಗೈತಂತ. ಬಿಸಿಲಿಗೆ ಹಿಡೀಬ್ಯಾಡ್ರಿ, ಆರು ತಿಂಗಳದಾಗ ತಾನ ಹೋಗ್ತೈತಿ, ಎದಿಹಾಲು ಮಾತ್ರ ಬಿಡಿಸಬ್ಯಾಡ್ರಿ ಅಂದಾರ," ಎಂದಳು ನೀಲಮ.

"ರಕ್ತದಿಂದಾನ ಹಾಲಾಗೂದು. ಬಾವೀನ ಕೆಟ್ಟ ಮ್ಯಾಲ ಕೊಡದಾಗ ಅಮೃತ ಬರ್ತೈತೇನು?" ಅತ್ತೆ ನಗುತ್ತಲೇ ಕೇಳಿದಳು.

ಅಷ್ಟರಲ್ಲಿ ನೀಲಮಳ ಗಂಡ ಕುನಾಲ ನಿಪ್ಪಾಣಿ ಪೇಟೆಯಿಂದ ಬಂದು ಎಲೆಯ ಪೊಟ್ಟಣ ಬಿಚ್ಚಿದ. ಎರಡು ಮೊಳ ದುಂಡುಮಲ್ಲಿಗೆ. ಮದುವೆಯಾದ ಹೊಸತನ ಕಳೆದ ಮೇಲೆ ಅವನು ಹೂ ತಂದದ್ದೇ ಇರಲಿಲ್ಲ. ದವಾಖಾನೆಯಿಂದ ಬಂದಾಗಿನಿಂದ ತನ್ನತ್ತ ಕಣ್ಣೆತ್ತಿಯೂ ನೋಡದವನು ಕಡೆಗೂ ತನ್ನ ಪರ ನಿಂತನೆಂದು ನೀಲಮ ಅಂದುಕೊಂಡಳು. ಕೂಸನ್ನು ಎದೆಗವಚಿಕೊಂಡೇ, ಅವನು ಮುಡಿಸಲೆಂದು ಕುತ್ತಿಗೆ ಬಾಗಿಸಿ ಕುಳಿತಳು.

ಕುನಾಲ ಹೂವನ್ನು ತಾಯಿಯ ಕೈಗೆ ಕೊಟ್ಟು ಹೊರಗೆ ನಡೆದ.

"ತಲಿಗಲ್ಲವಾ," ಎಂದು ಸುಂದರಾಬಾಯಿ ಕೂಸಿನ ಬಾಯನ್ನು ಮೊಲೆಯಿಂದ ಬಿಡಿಸಿ, ಅದನ್ನು ತನ್ನ ತೊಡೆಗೆ ಎಳೆದುಕೊಂಡಳು. ಕೂಸು ಚೀರತೊಡಗಿತು. "ನಾನ ತರಿಸೇನಿ. ಎದಿಗೆ ಬಿಗಿಯಾಗಿ ಕಟ್ಕೋ. ಮಲ್ಲಿಗಿ ಕಟ್ಟಿದ್ರ ಮೂರ ದಿನದಾಗ ಹಾಲು ಬತ್ತತೈತಿ."